ಜಿಡ್ಡು ಹೋದ ಕಂಬಳಿ

"ಗುರುಗಳೇ, ಈ ಮನಸ್ಸನ್ನು ಇನ್ನೆಷ್ಟು ದಿನ ತೊಳೆಯಬೇಕು?" ಎಂದು ಶಿಷ್ಯ ಕೇಳಿದ. "ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತು. ಆಸೆ ಬಿಟ್ಟೆ, ಸಿಟ್ಟು ಬಿಟ್ಟೆ. ಆದರೂ ಕಣ್ಣು ಮುಚ್ಚಿದರೆ ನನ್ನನ್ನು ಸಾಕಿದ ಅಕ್ಕ ಬಂದು ನಿಲ್ಲುತ್ತಾಳೆ. ಮೊನ್ನೆ ಹೇಳಿಕಳಿಸಿದ್ದಳು, ಹುಷಾರಿಲ್ಲವಂತೆ. ನಾನು ಹೋಗಲಿಲ್ಲ. ಆದರೂ ಆ ನೆನಪು ಹೋಗುತ್ತಿಲ್ಲ. ತಿಕ್ಕಿ ತಿಕ್ಕಿ ಸಾಕಾಗಿದೆ."

ಬೆಳಗಿನಿಂದ ಬಂದವರಿಗೆಲ್ಲ ಉತ್ತರ ಹೇಳಿ ಗುರುಗಳೂ ದಣಿದಿದ್ದರು. "ಅಯ್ಯೋ ಮಾರಾಯ, ನೀನೂ ಬಂದೆಯಾ! ಕೂತುಕೋ. ಒಂದೇ ಸಲ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಕಂಬಳಿ ನೇಯುವುದು ಅವನ ಕಸುಬು. ಕೈ ಚೆನ್ನಾಗಿತ್ತು, ಹಟ ಮಾತ್ರ ಸ್ವಲ್ಪ ಜಾಸ್ತಿ. ಕಂಬಳಿಯ ಕೆಲಸ ನಿನಗೆಲ್ಲಿ ಗೊತ್ತು, ಹೊದೆಯುವುದಷ್ಟೇ ಗೊತ್ತು. ಕುರಿಯನ್ನು ಹೊಳೆಗಿಳಿಸಿ ಮೈತೊಳೆದು, ಒಣಗಿದ ಮೇಲೆ ಉಣ್ಣೆ ಕತ್ತರಿಸುತ್ತಾರೆ. ಬಿಲ್ಲಿನ ಹುರಿಯಿಂದ ಬಡಿದು ಹಿಂಜುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಉದ್ದಕ್ಕೆ ಹಾಸುವ ಎಳೆಗೆ ಹುಣಸೆಬೀಜದ ಗಂಜಿ ಹಚ್ಚಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುತ್ತಾರೆ. ಎಲ್ಲ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.

ಒಂದು ದಿನ ಸಂತೆಯಲ್ಲಿ ಒಬ್ಬ ವರ್ತಕ ಅವನ ಕಂಬಳಿ ಮೂಸಿ, "ಥೂ, ಕುರಿ ವಾಸನೆ" ಎಂದು ಎಸೆದ. ಆ ಮಾತು ನೇಕಾರನಿಗೆ ನಾಟಿತು. ಮನೆಗೆ ಬಂದವನೇ ಕತ್ತರಿಸಿಟ್ಟ ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ಕುದಿಸಿ ತೊಳೆದ. ಮೂಸಿದ. ವಾಸನೆ ಇನ್ನೂ ಇತ್ತು. ಮತ್ತೆ ತೊಳೆದ. ಹೀಗೆ ಏಳು ಸಲ ತೊಳೆದ. ಉಣ್ಣೆಯ ಜಿಡ್ಡೆಲ್ಲ ಹೋಗಿ ಒಣಹುಲ್ಲಿನಂತಾಯಿತು.

ಹೆಂಡತಿ ಮಾಳವ್ವ ನೂಲಲು ಕೂತರೆ ಎಳೆ ಪಟಪಟ ಹರಿಯಿತು. "ಇನ್ನು ಸಾಕು ಮಾಡ್ರಿ" ಎಂದಳು. "ಎಳೆ ನಿಲ್ಲುತ್ತಿಲ್ಲ, ಬೆರಳೆಲ್ಲ ಒಡೆದಿವೆ. ಕುರಿಯ ಮೈಗೆ ಆ ಜಿಡ್ಡನ್ನು ದೇವರು ಸುಮ್ಮನೆ ಹಚ್ಚಿದ್ದಾನೆಯೇ?"

"ನಿನಗೇನು ಗೊತ್ತು? ನೂಲು" ಎಂದ ಅವನು. ಪಾಪ, ಆಕೆ ಹರಿದ ಎಳೆಗೆ ಎಳೆ ಕೂಡಿಸುತ್ತ ತಿಂಗಳುಗಟ್ಟಲೆ ನೂತಳು.

ಕಂಬಳಿ ಆಯಿತು. ವಾಸನೆ ಇಲ್ಲವೇ ಇಲ್ಲ. ನೇಕಾರ ಹೆಮ್ಮೆಯಿಂದ ಅದನ್ನು ಮಾಳವ್ವನ ತಮ್ಮನಿಗೆ ಕೊಟ್ಟ. ಆತ ಕುರಿಗಾಹಿ. ಮಾರನೆಯ ದಿನ ಮಧ್ಯಾಹ್ನ ಬಯಲಿನಲ್ಲಿ ಮಳೆ ಹಿಡಿಯಿತು. ಮರವಿಲ್ಲ, ಗುಡಿಸಲಿಲ್ಲ. ಆಗಷ್ಟೇ ಹುಟ್ಟಿದ ಎರಡು ಮರಿಗಳನ್ನು ಎದೆಗವಚಿಕೊಂಡು, ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ. ನೀರು ಜಾರಿಹೋಗಲು ಆ ಕಂಬಳಿಯಲ್ಲಿ ಜಿಡ್ಡೆಲ್ಲಿ ಉಳಿದಿತ್ತು? ನೋಡನೋಡುತ್ತಲೇ ಮಳೆ ಒಳಗಿಳಿಯಿತು. ಹೊತ್ತು ಇಳಿಯುವವರೆಗೂ ನಿಲ್ಲಲಿಲ್ಲ.

ಸಂಜೆ ಆತ ನೀರು ಕುಡಿದ ಕಂಬಳಿಯನ್ನು ತಂದು ನೇಕಾರನ ಅಂಗಳದಲ್ಲಿ ಇಳಿಸಿದ. "ವಾಸನೆ ಇಲ್ಲ ಭಾವ, ನಿಜ" ಎಂದ. "ಮರಿ ಎರಡೂ ಸೆಟೆದುಹೋದವು. ತಾಯಿ ಕುರಿ ಇನ್ನೂ ಕೂಗುತ್ತಿದೆ."

ಮಾಳವ್ವ ಒಳಗಿನಿಂದ ಬಂದು ತಮ್ಮನ ತಲೆ ಒರೆಸಿದಳು. ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಆ ದಿನ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಗೋಡೆಗೆ ಒರಗಿದರು. ಶಿಷ್ಯ ಕೇಳಿದ: "ಹಾಗಾದರೆ ಕೊಳೆಯನ್ನು ಇಟ್ಟುಕೊಂಡೇ ಇರಬೇಕೇ, ಗುರುಗಳೇ?"

"ಕೊಳೆ ಮೊದಲ ವರ್ಷವೇ ಹೋಗಿತ್ತು ಕಣಪ್ಪ, ಉಳಿದ ಹನ್ನೊಂದು ವರ್ಷ ನೀನು ತೊಳೆದುಹಾಕುತ್ತಿರುವುದು ನಿನ್ನ ಅಕ್ಕನನ್ನು."