ಮುದ್ದೀರನ ಬಯಲುಪಾಠ

ಹೂಂಗುಟ್ಟೋರು ಮುಂದಕ್ಕೆ ಬನ್ನಿ, ನಿದ್ದೆ ಬಂದೋರು ಗೋಡೆ ಕಡೆ ತಿರುಗಿಕೊಳ್ಳಿ. ಮುದ್ದೀರನ ಕತೆ ಹೇಳ್ತೀನಿ.

ಒಂದೂರಲ್ಲಿ ಹೊನ್ನವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಕೆರೆ ಹಿಂದೆ ಒಂದು ತುಂಡು ಹೊಲ, ಊರ ಕೊನೇಲಿ ಒಂದು ಹೆಂಚಿನ ಮನೆ, ಮನೇಲಿ ಒಬ್ಬ ಮಗ. ಮಗನಿಗೆ ಅವಳಿಟ್ಟ ಹೆಸರು ಮುದ್ದೀರ. ಊರೋರು ಕರೀತಿದ್ದದ್ದು ಪೆದ್ದೀರ. ಕೆಟ್ಟೋನಲ್ಲ, ಸೋಮಾರಿಯಲ್ಲ, ಹೇಳಿದ ಮಾತು ಮೀರೋನಂತೂ ಅಲ್ಲವೇ ಅಲ್ಲ. ಅದೇ ತೊಂದರೆ. ಹೇಳಿದ್ದನ್ನ ಹೇಳಿದಂಗೇ ಮಾಡೋನು.

ಇಸ್ಕೂಲಿಗೆ ಹಾಕಿದಳು. ಮೇಷ್ಟ್ರು "ಬಾಯಿ ಮುಚ್ಕೊಂಡು ಕೂತ್ಕೊಳ್ಳೋ" ಅಂದ್ರು. ಮುಚ್ಕೊಂಡ. ಮಧ್ಯಾಹ್ನ ತಟ್ಟೆಗೆ ಅನ್ನ ಬಡಿಸಿದ್ರೂ ಮುಚ್ಕೊಂಡೇ ಕೂತಿದ್ದ. "ಬೋರ್ಡ್ ಮೇಲಿರೋದನ್ನ ಇಳಿಸ್ಕೊಳ್ಳೋ" ಅಂದ್ರು. ಬೋರ್ಡ್ ಮೇಲೆ ಹಲ್ಲಿ ಕೂತಿತ್ತು. ಇಳಿಸ್ಕೊಂಡು ಜೇಬಿಗೆ ಹಾಕ್ಕೊಂಡ. ಮೇಷ್ಟ್ರಿಗೆ ರೇಗಿಹೋಯ್ತು. "ನಾಳೆಯಿಂದ ಈ ಕಡೆ ತಲೆ ಹಾಕಬೇಡ!" ಅಂದ್ರು.

ಮಾರನೇ ದಿನ ಮುದ್ದೀರ ಇಸ್ಕೂಲ್ ಬಾಗಿಲಲ್ಲಿ ಅಂಗಾತ ಮಲಗಿದ. ಮೊದಲು ಪಾದ ಹಾಕಿದ, ಆಮೇಲೆ ಸೊಂಟ ಹಾಕಿದ, ಆಮೇಲೆ ಎದೆ ಹಾಕಿದ. ತಲೆ ಮಾತ್ರ ಹೊಸ್ತಿಲಿಂದಾಚೆ ಇಟ್ಕೊಂಡು "ನಮಸ್ಕಾರ ಸಾರ್" ಅಂದ.

ಮೇಷ್ಟ್ರು ಅವನಿಗಲ್ಲ, ಹೊನ್ನವ್ವನಿಗೆ ಕೈ ಮುಗಿದ್ರು.

"ಬಿಡಿ ಸಾಮಿ, ನಾನೇ ಕಲಿಸ್ಕೊತೀನಿ" ಅಂದಳು ಹೊನ್ನವ್ವ. "ತೋಪೈತೆ, ಹೊಲವೈತೆ, ಕೆರೆಯೈತೆ. ನೋಡಿ ಕಲೀಲಿ."

ಈ ಮಾತು ಅವಳ ಅಣ್ಣ ಕಾಟಯ್ಯನ ಕಿವಿಗೆ ಬಿತ್ತು. ಕಾಟಯ್ಯ ದೂರದ ಇಟ್ಟಿಗೆ ಗೂಡಿಗೆ ಆಳು ಕರ್ಕೊಂಡು ಹೋಗೋನು. ಬಂದೋನೇ ಅಂದ, "ಗಿಡ ನೋಡ್ಕೊಂಡು ಏನ್ ಕಲೀತಾನೆ ತಂಗಿ? ಬರೋ ಅಮಾಸೆಗೆ ಬರ್ತೀನಿ. ಏನಾದ್ರೂ ಕಲಿತಿದ್ರೆ ಸರಿ. ಇಲ್ದಿದ್ರೆ ನನ್ನ ಜತೆ ಬರ್ಲಿ, ಮಣ್ಣು ತುಳೀಲಿ."

ಗೂಡಿಗೆ ಹೋದ ಹುಡುಗರು ನಗ್ತಾ ವಾಪಸ್ ಬಂದದ್ದನ್ನ ಹೊನ್ನವ್ವ ಕಂಡಿರಲಿಲ್ಲ. ಬೆಳಕು ಹರಿಯೋದೇ ತಡ, ಮಗನನ್ನ ಎಬ್ಬಿಸಿದಳು.

"ಮಗಾ, ಮಾವಿನ ತೋಪಿಗೆ ಹೋಗು. ಅಲ್ಲೇನೈತೋ ಅದನ್ನ ಚೆನ್ನಾಗಿ ತಲೆಗೆ ಹಾಕ್ಕೊಂಡು ಬಾ."

"ಆಗ್ಲವ್ವ, ಹಂಗೇ ಮಾಡ್ತೀನಿ."

ಹೋದ. ತೋಪಲ್ಲಿ ಏನಿತ್ತು? ಕೆಂಜಿಗದ ಗೂಡಿತ್ತು. ಅದೇ, ಮರದ ಮೇಲೆ ಎಲೆ ಹೊಲ್ಕೊಂಡು ಇರುತ್ತಲ್ಲ, ಆ ಕಚ್ಚೋ ಕೆಂಪಿರುವೆ. ಮುದ್ದೀರ ಮರ ಹತ್ತಿದ, ಗೂಡು ಕಿತ್ತ, ಟೋಪಿ ಹಂಗೆ ತಲೆಗೆ ಹಾಕ್ಕೊಂಡ. ಹಾಕ್ಕೊಂಡು ಮನೆಗೆ ನಡೆದ. ನಡೆದ ಅನ್ನೋದಕ್ಕಿಂತ ಕುಣಿದ.

"ಅಯ್ಯಯ್ಯೋ! ಏನ್ಲಾ ಇದು!"

"ತಲೆಗೆ ಹಾಕ್ಕೊಂಡು ಬಾ ಅಂತ ನೀನೇ ಹೇಳಿದ್ಯಲ್ಲವ್ವ! ಹಾ! ಹೂ! ಇನ್ನೂ ಇಟ್ಕೋಬೇಕಾ?"

ಹೊನ್ನವ್ವ ಬಿಂದಿಗೆ ನೀರನ್ನ ತಲೆ ಮೇಲೆ ಸುರಿದಳು. ಸುಣ್ಣ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಬೈದಳು.

"ಜೀವ ಇರೋದನ್ನ ಮುಟ್ಟಬಾರದು ಕಣೋ! ದೂರ ನಿಂತ್ಕೋಬೇಕು, ಸುಮ್ಮನೆ ನೋಡಬೇಕು, ನೋಡಿದ್ದನ್ನ ಬಂದು ನಂಗೆ ಹೇಳಬೇಕು!"

"ಆಗ್ಲವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಹೊಲಕ್ಕೆ ಕಳಿಸಿದಳು. ಅವರೆ ಹೂ ಬಿಟ್ಟಿತ್ತು. ಬೇಲಿ ಸಂದೀಲಿ ಯಾರದೋ ಮೇಕೆ ಹಿಂಡು ನುಗ್ಗಿತ್ತು. ಮುದ್ದೀರ ಮುಟ್ಟಲಿಲ್ಲ. ದೂರ ನಿಂತ. ಸುಮ್ಮನೆ ನೋಡಿದ. ಮೇಕೆಗಳಿಗೆ ಹೊಟ್ಟೆ ತುಂಬೋ ತಂಕ ನೋಡಿದ. ಓಡಿಬಂದು ಹೇಳಿದ.

"ಅವ್ವಾ, ಮೇಕೆಗೆ ಮುಂದೆ ಮೇಲ್ಗಡೆ ಹಲ್ಲೇ ಇಲ್ಲ! ಮೊದಲು ಕುಡಿ ತಿನ್ನುತ್ತೆ, ಆಮೇಲೆ ಹೂ, ಆಮೇಲೆ ಎಲೆ. ಗಡ್ಡ ಇರೋದು ಹಿಂಗಾಲ ಮೇಲೆ ನಿಂತ್ಕೊಂಡೇ ತಿನ್ನುತ್ತೆ!"

"ಭೇಷ್! ಎಲ್ಲಿ ನೋಡ್ದೆ ಮಗಾ?"

"ನಮ್ಮ ಅವರೆ ಹೊಲದಲ್ಲಿ!"

ಹೊನ್ನವ್ವ ಎದೆ ಎದೆ ಬಡ್ಕೊಂಡು ಓಡಿದಳು. ಹೊಲದಲ್ಲಿ ಕಡ್ಡಿ ನಿಂತಿತ್ತು.

"ನೋಡ್ತಾ ನಿಂತಿದ್ಯೇನ್ಲಾ, ಪಾಪಿ! ನಮ್ಮ ಹೊಲಕ್ಕೆ ಕಾಲಿಟ್ಟರೆ ಸಾಕು, ಹೋ ಅಂತ ಕೂಗಬೇಕು! ಕೋಲು ಬೀಸಬೇಕು! ಊರಾಚೆ ತಂಕ ಅಟ್ಟಬೇಕು!"

"ಆಗ್ಲವ್ವ, ಹಂಗೇ ಮಾಡ್ತೀನಿ."

ಹೋದ ಬೆಳೆ ಹೋಯ್ತು. ಹುರುಳಿಯಾದ್ರೂ ಚೆಲ್ಲೋಣ ಅಂತ ಹೊನ್ನವ್ವ ಕೇರಿ ಹೆಂಗಸರನ್ನ ಬೇಡ್ಕೊಂಡಳು. ಪಾಪ, ಒಪ್ಪಿದರು. ಬುತ್ತಿ ಕಟ್ಕೊಂಡು ಹೊತ್ತಿಗೆ ಮುಂಚೆ ಬಂದು ಹೊಲಕ್ಕೆ ಕಾಲಿಟ್ಟರು. ಬದುವಿನ ಮೇಲೆ ಮುದ್ದೀರ ಕೂತಿದ್ದ. "ಹೋ!" ಅಂದ. ಕೋಲು ಬೀಸಿದ. ಹೆಂಗಸರು ಬುತ್ತಿ ಬಿಸಾಕಿ ಓಡಿದರು. ಇವನು ಬಿಡಲಿಲ್ಲ. ಊರಾಚೆ ತಂಕ ಅಟ್ಟಿದ.

"ಬಂದೋರನ್ನ ಓಡಿಸ್ತಾರೇನ್ಲಾ! ಇನ್ನು ನಮ್ಮ ಮನೆಗೆ ಯಾರ್ ಬರ್ತಾರೆ? ಬಂದೋರಿಗೆ ಕೈ ಮುಗೀಬೇಕು! ಬನ್ನಿ ಬನ್ನಿ ಅನ್ನಬೇಕು! ಮನೆಗೆ ಕರ್ಕೊಂಡು ಬಂದು ಕೂರಿಸಿ, ನೀರು ಕೊಡಬೇಕು!"

"ಆಗ್ಲವ್ವ, ಹಂಗೇ ಮಾಡ್ತೀನಿ."

ಅಮಾಸೆ ಹತ್ರ ಬಂತು. ಹೊನ್ನವ್ವನಿಗೆ ಅನ್ನ ಸೇರಲಿಲ್ಲ. "ಕೆರೆ ಏರಿಗೆ ಹೋಗು ಮಗಾ, ಹಕ್ಕಿ ನೋಡು" ಅಂತ ಕಳಿಸಿ, ತಾನೊಬ್ಬಳೇ ಹುರುಳಿ ಚೆಲ್ಲೋಕೆ ಹೋದಳು.

ಏರಿ ಮೇಲೆ ಹುಣಸೆ ಮರ. ಮರದ ತುಂಬ ಕೋತಿ. ಇವನನ್ನ ನೋಡಿದ್ದೇ ಇಳಿದು ಬಂದವು. ಬಂದೋರಲ್ವಾ? ಮುದ್ದೀರ ಕೈ ಮುಗಿದ. "ಬನ್ನಿ ಬನ್ನಿ! ಮನೆಗೆ ಹೋಗೋಣ ಬನ್ನಿ!" ಜೇಬಲ್ಲಿ ಕಡ್ಲೆಕಾಯಿ ಇತ್ತು. ದಾರಿ ಉದ್ದಕ್ಕೂ ಉದುರಿಸ್ತಾ ನಡೆದ. ಅವೂ ನಡೆದವು.

ಹೊನ್ನವ್ವ ಬಂದು ನೋಡ್ತಾಳೆ, ಒಂದು ಕೋತಿ ಹಿಟ್ಟಿನ ಮಡಕೆಯೊಳಗೆ ಕೂತೈತೆ. ಒಂದು ನೆಲುವಿನ ಮೇಲೆ ಜೋಕಾಲಿ ಆಡ್ತೈತೆ. ಒಂದು ಇವಳ ಬಾಚಣಿಗೆ ಹಿಡಿದು ಇನ್ನೊಂದರ ಬೆನ್ನು ಬಾಚ್ತೈತೆ. ಮುದ್ದೀರ ಚೊಂಬು ಹಿಡ್ಕೊಂಡು ಎಲ್ಲರಿಗೂ ನೀರು ಕೊಡ್ತಾವ್ನೆ.

"ಏನ್ಲಾ ಇದು!"

"ಬಂದೋರು ಕಣವ್ವ! ಕೂರಿಸಿದ್ದೀನಿ. ಆ ದಪ್ಪನೆಯವರು ಇನ್ನೊಂದು ಚೊಂಬು ಕೇಳ್ತಾವ್ರೆ."

ಪೊರಕೆ ಮುರಿಯೋ ತಂಕ ಹೊಡೆದು ಓಡಿಸಿದ್ದಾಯ್ತು. ಹೊನ್ನವ್ವ ಹಿಟ್ಟು ಗೋರುತ್ತಾ ಅತ್ತಳು. ಅತ್ತು ಅತ್ತು ಹೇಳಿದಳು.

"ಯಾರ್ ಬಂದ್ರೂ ಬಾಗಿಲು ಹಾಕ್ಕೊಂಡು ಒಳಗಿರು! ಎಷ್ಟು ಬಡಿದ್ರೂ ಸುಮ್ಮನಿರು! ನಾನು ಬಂದು ಹೇಳೋ ತಂಕ ಬಾಗಿಲು ತೆಗೀಬೇಡ!"

"ಆಗ್ಲವ್ವ, ಹಂಗೇ ಮಾಡ್ತೀನಿ."

ಅಮಾಸೆ ಬಂತು. ಕಾಟಯ್ಯನೂ ಬಂದ. ಹೊನ್ನವ್ವ ನೀರಿಗೆ ಹೋಗಿದ್ದಳು. ಬಾಗಿಲು ಹಾಕಿತ್ತು. ಬಡಿದ. ಕೂಗಿದ. "ನಿಮ್ಮ ಮಾವ ಕಣೋ!" ಅಂದ. ಒಳಗೆ ಸದ್ದಿಲ್ಲ. ಬಿಸಿಲಲ್ಲಿ ನಿಂತು ನಿಂತು ಕಾಟಯ್ಯನ ಮುಖ ಕೆಂಪಗಾಯ್ತು. ಬಿಂದಿಗೆ ಹೊತ್ಕೊಂಡು ಹೊನ್ನವ್ವ ಬಂದಳು.

"ಲೋ ಮುದ್ದೀರ! ಬಾಗಿಲು ತೆಗಿಯೋ! ಬೇಗ ತೆಗಿ!"

ಒಳಗೆ ದಡ ಬಡ ಅಂತು. ಹಾರೆ ಸದ್ದಾಯ್ತು. ಕಟಕಟ ಅಂತು. ಮುದ್ದೀರ ಬಾಗಿಲನ್ನ ಚೌಕಟ್ಟಿಂದ ತೆಗೆದು, ತಲೆ ಮೇಲೆ ಹೊತ್ಕೊಂಡು ಈಚೆಗೆ ಬಂದ.

"ತೆಗೆದೆ ಅವ್ವ. ಎಲ್ಲಿಡ್ಲಿ?"

"ಬಟ್ಟೆ ಕಟ್ಟು ತಂಗಿ" ಅಂದ ಕಾಟಯ್ಯ. "ಇನ್ನೇನು ಕೇಳೋದೈತೆ?"

ಹೊನ್ನವ್ವ ಅವನ ದಾರಿಗೆ ಅಡ್ಡ ನಿಂತಳು. "ಅಣ್ಣಾ, ಕೇಳದೇನೇ ಕರ್ಕೊಂಡೋಗ್ತೀಯಾ? ಇವನು ಕಲಿತಿರೋದು ಹೊರಗೆ. ಹೊರಗೇ ಕರ್ಕೊಂಡೋಗಿ ಕೇಳು." ಮಗನ ಕೆನ್ನೆ ಹಿಡಿದಳು. "ಮಗಾ, ಮಾವ ಏನ್ ಹೇಳ್ತಾನೋ ಅದನ್ನೇ ಮಾಡು. ನಿನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ."

"ಆಗ್ಲವ್ವ, ಹಂಗೇ ಮಾಡ್ತೀನಿ."

ಮಾವ ಅಳಿಯ ತೋಪಿಗೆ ಹೋದರು. "ಅದೇನೋ?" ಅಂದ ಕಾಟಯ್ಯ.

"ಕೆಂಜಿಗದ ಗೂಡು ಮಾವ. ಅವು ತಮ್ಮ ಮರಿಯನ್ನೇ ಬಾಯಲ್ಲಿ ಕಚ್ಕೊಂಡು ಎಲೆ ಹೊಲೀತವೆ. ಮರಿ ಬಾಯಿಂದ ದಾರ ಬರುತ್ತೆ."

"ಹೌದಾ?"

"ಹೂಂ. ಮೇಕೆಗೆ ಮುಂದೆ ಮೇಲ್ಗಡೆ ಹಲ್ಲಿಲ್ಲ. ಕೋತಿ ಮೊದಲು ಕೆನ್ನೆಗೆ ತುಂಬ್ಕೊಂಡು, ಆಮೇಲೆ ಕೂತು ಅಗಿಯುತ್ತೆ. ನೀರು ಕೊಟ್ರೆ ದೊಡ್ಡ ಗಡವನೇ ಮೊದಲು ಕುಡಿಯೋದು. ಮರಿ ಹೊತ್ತೋಳು ಕೊನೆಗೆ."

ಕಾಟಯ್ಯ ಹುಟ್ಟಿದಾಗಿಂದ ಮೇಕೆ ತಿಂದಿದ್ದ. ಒಂದರ ಬಾಯಿ ಬಿಡಿಸಿ ನೋಡಿರಲಿಲ್ಲ. ತಲೆ ಕೆರ್ಕೊಂಡ. ಹುಡುಗ ಪರವಾಗಿಲ್ಲ ಅನ್ನಿಸ್ತು. ತಂಗಿ ಮುಖಾನೂ ನೆನಪಾಯ್ತು. ಇನ್ನೊಂದು ಕೇಳಿ ಬಿಟ್ಟುಬಿಡೋಣ ಅಂತ ಮೇಲೆ ನೋಡಿದ. ಕೊಂಬೆಯಲ್ಲಿ ಕರ್ರಗೆ ಏನೋ ನೇತಾಡ್ತಿತ್ತು.

"ಅದು?"

"ಹೆಜ್ಜೇನು ಮಾವ."

"ತುಪ್ಪ ಐತೇನೋ?"

"ಗೊತ್ತಿಲ್ಲ ಮಾವ. ದೂರ ನಿಂತು ನೋಡಿದ್ದೀನಿ, ಅಷ್ಟೇ."

"ದೂರ ನಿಂತ್ರೆ ಏನ್ ಗೊತ್ತಾಗುತ್ತೆ!" ಅಂದ ಕಾಟಯ್ಯ. ಮಣ್ಣಿನ ಹೆಂಟೆ ತಗೊಂಡ. ಬೀಸಿ ಒಗೆದ.

ಗುಂಯ್ ಅಂತು ತೋಪು.

"ಅಯ್ಯಪ್ಪೋ!" ಕಾಟಯ್ಯ ಪಂಚೆ ಎತ್ತಿ ಕಟ್ಟಿದ. "ಏನ್ಲಾ ನೋಡ್ತಾ ನಿಂತಿದ್ದೀಯ! ಕಾಲಿಗೆ ಬುದ್ಧಿ ಹೇಳೋ!" ಅಂತ ಕಿರಿಚಿ ಓಡಿದ.

ಜೇನು ಓಡೋನ ಹಿಂದೆ ಹೋದವು. ಪಂಚೆ ಬೇಲಿಗೆ ಸಿಕ್ಕಿತು, ಪೇಟ ಗದ್ದೆಗೆ ಬಿತ್ತು, ಕಾಟಯ್ಯ ಕೆರೆಗೆ ಬಿದ್ದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಜೇನು ತಿರುಗಿದ ಮೇಲೆ ದಡ ಹತ್ತಿದ. ಕಣ್ಣು ಕಾಣ್ತಿರಲಿಲ್ಲ, ತುಟಿ ಬದನೆಕಾಯಿ ಆಗಿತ್ತು. ಏರಿ ಮೇಲೆ ಓಡಿ ಬಂದ ಹೊನ್ನವ್ವನಿಗೆ ಕೈ ಮುಗಿದ.

"ನಿನ್ನ ಮಗನ್ನ ನೀನೇ ಇಟ್ಕೊಳ್ಳವ್ವ! ಗೂಡೂ ಬೇಡ, ಏನೂ ಬೇಡ!"

ಹಂಗೇ ಒದ್ದೆ ಮೈಯಲ್ಲಿ ತನ್ನೂರ ದಾರಿ ಹಿಡಿದ.

ಹೊನ್ನವ್ವನಿಗೆ ನಗೋಕೂ ಆಗಲಿಲ್ಲ, ಅಳೋಕೂ ಆಗಲಿಲ್ಲ. ಮಗ ಎಲ್ಲಿ? "ಮುದ್ದೀರಾ! ಮುದ್ದೀರಾ!" ಅಂತ ತೋಪಿಗೆ ಓಡಿದಳು.

ಮುದ್ದೀರ ಅದೇ ಮರದ ಬುಡದಲ್ಲಿ ಎರಡೂ ಕಾಲು ಚಾಚಿ ಕೂತಿದ್ದ. ಒಂದು ಕಿವಿ ಊದಿತ್ತು, ಅಷ್ಟೇ. ಕಾಲ್ಬೆರಳು ಹಿಡ್ಕೊಂಡು ಮೆಲ್ಲಗೆ, ಸಮಾಧಾನವಾಗಿ ಹೇಳ್ತಿದ್ದ. "ಸುಳ್ಳು ಹೇಳಬಾರದು. ಯಾರನ್ನೂ ಒದೀಬಾರದು. ಅವ್ವನ ಮಾತು ಮೀರಬಾರದು."

"ಏನ್ ಮಾಡ್ತಿದ್ದೀಯ ಮಗಾ!"

"ಶ್! ಮೆಲ್ಲಗೆ ಅವ್ವ. ಮಾವ ಕಾಲಿಗೆ ಬುದ್ಧಿ ಹೇಳು ಅಂದ. ಆವಾಗಿಂದ ಹೇಳ್ತಾ ಇದ್ದೀನಿ. ಬಲಗಾಲು ಕಲಿತುಬಿಡ್ತು. ಈ ಎಡಗಾಲೇ ಸ್ವಲ್ಪ ಪೆದ್ದು."