ಅರ್ಥ್ ಸರಿಯಿಲ್ಲ

“ಗುರುಗಳೇ, ನಾನು ಪ್ರತಿದಿನ ಸಂಜೆ ಮಠದ ಅಂಗಳದಲ್ಲಿ ಒಂದಕ್ಷರವೂ ತಪ್ಪದೆ ಸ್ತೋತ್ರ ಪಠಿಸುತ್ತೇನೆ. ಆದರೂ ಕೇಳುವವರು ಕುಳಿತಲ್ಲಿಯೇ ನಿದ್ದೆ ಹೋಗುತ್ತಾರೆ. ಹೊಸ ಮೈಕು ತರಿಸಿದರೆ ಸರಿಹೋಗಬಹುದೇ?” ಎಂದು ಶಿಷ್ಯನು ಕೇಳಿದನು.

“ಮೊದಲು ನೆಟ್ಟಗೆ ಕುಳಿತುಕೋ” ಎಂದರು ಗುರುಗಳು. ಶಿಷ್ಯನು ನೆಟ್ಟಗೆ ಕುಳಿತನು. ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಯಕಿ ಇದ್ದಳು. ವಯಸ್ಸು ಅರವತ್ತೆಂಟು. ಅವಳಿಗೆ ಒಂದು ಹಳೆಯ ಪದ ಬರುತ್ತಿತ್ತು. ಕಲಿಸಿದವರು ತೀರಿಕೊಂಡಿದ್ದರು, ಜೊತೆಗೆ ಕಲಿತವರು ಮರೆತಿದ್ದರು. ಅದನ್ನು ಬಲ್ಲವಳು ಅವಳೊಬ್ಬಳೇ. “ಬಾಗಿಲಿಲ್ಲದ ಮನೆಗೆ ಬೀಗ ಯಾತಕೆ ತಂಗಿ” ಎಂಬುದು ಅದರ ಪಲ್ಲವಿ.

ಕರೆಯದೆ ಬಂದು ಕೂರುವ ಬೀಗರನ್ನು ಹಂಗಿಸುವ ಪದ ಅದೆಂದು ಅವಳು ತಿಳಿದಿದ್ದಳು. ಆದುದರಿಂದ ಮದುವೆ ಮನೆಗಳಲ್ಲಿ ತನ್ನ ಮಗಳ ಮಾವನ ಮುಖವನ್ನೇ ನೋಡಿ ಹಾಡುತ್ತಿದ್ದಳು. ಜನರು ನಗುತ್ತಿದ್ದರು. ಬೀಗರು ನಗುತ್ತಿರಲಿಲ್ಲ.

ಹೀಗಿರಲು ಅವಳ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಗಂಟನ್ನು ತೆಗೆಯಲೇಬೇಕು, ದನಿ ಉಳಿಯುತ್ತದೆಂಬ ಮಾತನ್ನು ಮಾತ್ರ ಕೊಡಲಾಗದು ಎಂದರು ವೈದ್ಯರು. ಹತ್ತು ದಿನ ಕಳೆದು ಬರುವ ಸೋಮವಾರವನ್ನು ಗೊತ್ತುಮಾಡಿದರು. ಅವಳು ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸೋಮವಾರದೊಳಗೆ ಪದವನ್ನು ಧ್ವನಿಮುದ್ರಿಸಿ ಇಡಬೇಕೆಂದು ಮಾತ್ರ ನಿಶ್ಚಯಿಸಿದಳು.

ಅವಳ ಬೀದಿಯಲ್ಲಿಯೇ ಒಬ್ಬ ರೇಡಿಯೋ ರಿಪೇರಿಯವನು ಇದ್ದನು. ಹಳೆಯ ರೇಡಿಯೋಗಳ ಗಾಜಿನ ವಾಲ್ವ್‌ಗಳನ್ನು ಕಿತ್ತು, ಅವನು ಸ್ವಂತ ಕೈಯಿಂದ ಒಂದು ಪ್ರಿಆಂಪ್ ಕಟ್ಟಿದ್ದನು. ಮೈಕಿಗೆ ಸಿಕ್ಕ ಸಣ್ಣ ದನಿಯನ್ನು ಎತ್ತಿ ದೊಡ್ಡದು ಮಾಡಿಕೊಡುವ ಪೆಟ್ಟಿಗೆ ಅದು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಕೌದಿಗಳನ್ನು ತೂಗುಹಾಕಿ, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದನು. ಹೊದೆಯಲು ಒಂದು ಕೌದಿಯೂ ಉಳಿಯಲಿಲ್ಲವೆಂದು ಅವನ ಹೆಂಡತಿ ದೂರುತ್ತಿದ್ದಳು.

ಗಾಯಕಿ ಅಲ್ಲಿ ಬಂದು ಹಾಡಿದಳು. ಹಾಡಿನ ಕೆಳಗೆ ಗುಂಯ್ ಎಂಬ ಸದ್ದು ಬಂದಿತು. ಅವನು ಫ್ಯಾನು ನಿಲ್ಲಿಸಿದನು. ಗುಂಯ್ ನಿಲ್ಲಲಿಲ್ಲ. ಫ್ರಿಜ್ ಆರಿಸಿದನು. ಸಂಜೆಯ ಹೊತ್ತಿಗೆ ಹಾಲು ಒಡೆಯಿತು, ಗುಂಯ್ ಉಳಿಯಿತು. ಕೊನೆಗೆ ಅವನು ಹೆಡ್‌ಫೋನ್ ತೆಗೆಯದೆ, ತಲೆ ಎತ್ತದೆ, ಕಿವುಡರಿಗೆ ಹೇಳುವಂತೆ ಕೂಗಿದನು: “ಎಲ್ಲ ಸರಿ ಇದೆ ಅಮ್ಮ. ಅರ್ಥ್ ಸರಿಯಿಲ್ಲ!”

“ಅರ್ಥವೇ?”

“ಅದೇ! ಮೊದಲಿನಿಂದಲೂ ಯಾರೂ ಆ ಕಡೆ ನೋಡಿಯೇ ಇಲ್ಲ. ಮೇಲ್ಮೇಲೆ ಇದೆ. ಆಳಕ್ಕೆ ಇಳಿಯಬೇಕು. ಉಪ್ಪು, ಇದ್ದಿಲು ಇದ್ದರೆ ಎಂಟು ದಿನದ ಕೆಲಸ.”

ಅವನು ಹೇಳಿದ್ದು ಪೆಟ್ಟಿಗೆಯಿಂದ ನೆಲದೊಳಕ್ಕೆ ಇಳಿಸುವ ತಂತಿಯ ಮಾತು. ಅರ್ಥಿಂಗ್ ಎನ್ನುತ್ತಾರಲ್ಲ, ಅದು. ಆದರೆ ಕನ್ನಡದ ಕಿವಿ ಅರ್ಧಕ್ಕೆ ನಿಂತ ಅಕ್ಷರವನ್ನು ತಾನೇ ತುಂಬಿಕೊಳ್ಳುತ್ತದೆ. ನಲವತ್ತು ವರ್ಷ ಹಾಡಿದವಳಿಗೆ ತಂತಿ ಬೆಸೆಯುವವನು ಅರ್ಥ ಹೇಳಹೊರಟನೇ ಎಂದು ಗಾಯಕಿಗೆ ಮೈಯೆಲ್ಲ ಉರಿಯಿತು. ಹೊಸ್ತಿಲು ದಾಟುವಷ್ಟರಲ್ಲಿ ಉರಿ ಆರಿತು, ಸಂಶಯ ಉಳಿಯಿತು. ಪದದ ಅರ್ಥವನ್ನು ಅವಳು ಯಾರನ್ನೂ ಕೇಳಿರಲಿಲ್ಲ. ಉಪ್ಪು, ಇದ್ದಿಲು ಎಂದರೆ ಹಲ್ಲುಜ್ಜುವುದಕ್ಕೇ ಇರಬೇಕೆಂದು ತಿಳಿದು, ಮರುದಿನದಿಂದ ಅದನ್ನೂ ಮಾಡಿದಳು.

ಆ ಊರಿನಲ್ಲಿ ಹಳೆಯ ಪದಗಳ ಅರ್ಥ ಬಲ್ಲವನು ಒಬ್ಬ ಕನ್ನಡ ಪಂಡಿತ. ಅವನೇ ಅವಳ ಬೀಗ. ಮೂರು ದಿನ ಅವಳು ಬಿಗುಮಾನದಿಂದ ಸುಮ್ಮನಿದ್ದಳು. ನಾಲ್ಕನೆಯ ದಿನ ಹೋದಳು.

“ಬೀಗರೇ, ಆ ಪದದ ಅರ್ಥ ಹೇಳಬೇಕಲ್ಲ.”

“ಇಪ್ಪತ್ತು ವರ್ಷ ನನ್ನ ಮುಖ ನೋಡಿ ಹಾಡಿದ ಮೇಲೆ ಈಗ ಅರ್ಥ ಬೇಕಾಯಿತೇ ಬೀಗಿತ್ತಿಯವರೇ? ಅದರಲ್ಲಿರುವ ಬೀಗ ನಾನಲ್ಲ. ಬಾಗಿಲಿಗೆ ಹಾಕುವ ಬೀಗ.”

“ಅಯ್ಯೋ! ಹಾಗಾದರೆ ಇಷ್ಟು ವರ್ಷ ನಿಮ್ಮನ್ನು ಸುಮ್ಮಸುಮ್ಮನೆ ಬೈದೆನೇ?”

“ಬೈಯುತ್ತಿದ್ದದ್ದು ನಿಜವೆಂದು ಒಪ್ಪಿಕೊಂಡಿರಲ್ಲ, ಅಷ್ಟು ಸಾಕು. ಕಾಫಿ ಕುಡಿಯಿರಿ.”

ಕಾಫಿ ಮುಗಿದ ಮೇಲೆ ಪಂಡಿತನು ಅರ್ಥ ಹೇಳಿದನು. ಬಾಗಿಲಿಲ್ಲದ ಮನೆ ಎಂದರೆ ಈ ದೇಹ. ಉಸಿರು ಬರುವಾಗ ನಮ್ಮನ್ನು ಕೇಳಿ ಬರಲಿಲ್ಲ. ಹೋಗುವಾಗ ಕೇಳಿ ಹೋಗುವುದಿಲ್ಲ. ಅಂಥ ಮನೆಗೆ ಬೀಗವೇಕೆ ಎಂದು ಪದ ಕೇಳುತ್ತದೆ.

ಗಾಯಕಿಯ ಕೈ ತಾನಾಗಿ ಗಂಟಲಿಗೆ ಹೋಯಿತು. ಅಂದೇ ಅವಳು ಮಗಳನ್ನು ಕರೆದು ವೈದ್ಯರ ಮಾತನ್ನು ತಿಳಿಸಿದಳು.

ಎಂಟನೆಯ ದಿನ ಸ್ಟುಡಿಯೋಗೆ ಬಂದು ಹಾಡಿದಳು. ಯಾರನ್ನೂ ಹಂಗಿಸಲಿಲ್ಲ. ರಿಪೇರಿಯವನು ಮೀಟರಿನ ಮುಳ್ಳು ನೋಡುವುದನ್ನು ಮರೆತನು. ಪದ ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಕೂಗಿದನು: “ಗುಂಯ್ ಎಲ್ಲಿದೆ? ಇಲ್ಲವೇ ಇಲ್ಲ! ಅರ್ಥ್ ಸರಿಯಾದರೆ ಎಲ್ಲವೂ ಸರಿ ಅಮ್ಮ.”

“ನೀವು ಅಂದು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ” ಎಂದು ಗಾಯಕಿ ಕೈಮುಗಿದಳು.

“ಹಿತ್ತಲಿಗೆ ಬನ್ನಿ, ತೋರಿಸುತ್ತೇನೆ” ಎಂದನು ಅವನು. ಹಿತ್ತಲಿನಲ್ಲಿ ಒಂದು ಗುಂಡಿ. ಗುಂಡಿಯಲ್ಲಿ ಉಪ್ಪು, ಇದ್ದಿಲು, ನಡುವೆ ಒಂದು ತಾಮ್ರದ ಸರಳು. “ಎಂಟಡಿ ಆಳ. ದಿನಕ್ಕೊಂದು ಕೊಡ ನೀರು ಹಾಕುತ್ತೇನೆ” ಎಂದನು. ಗಾಯಕಿ ಬಗ್ಗಿ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಹಲ್ಲುಜ್ಜಿದ್ದು ವ್ಯರ್ಥವೆಂಬುದೂ ತಿಳಿಯಿತು. “ಬಹಳ ಆಳವಿದೆ” ಎಂದಷ್ಟೇ ಹೇಳಿ ಮನೆಗೆ ಹೋದಳು.

ಸೋಮವಾರ ಅವಳು ಆಸ್ಪತ್ರೆಗೆ ಸೇರಿದಳು. ಅದೇ ದಿನ ಕೋಣೆ ಗುಡಿಸುತ್ತಿದ್ದ ರಿಪೇರಿಯವನಿಗೆ ಮೇಜಿನ ಕೆಳಗೆ ಒಂದು ತಂತಿಯ ತುದಿ ಸಿಕ್ಕಿತು. ಗುಂಡಿಯಿಂದ ಬಂದ ತಂತಿ. ಅದನ್ನು ಪೆಟ್ಟಿಗೆಗೆ ಜೋಡಿಸಲು ಅವನು ಮರೆತಿದ್ದನು. ಗಾಬರಿಯಿಂದ ಹೆಡ್‌ಫೋನ್ ಹಾಕಿ, ಅವಳು ಹಾಡು ಎತ್ತುವ ಮುಂಚಿನ ಒಂದು ಗಳಿಗೆಯನ್ನು ಕೇಳಿದನು. ಗುಂಯ್ ಇತ್ತು. ಹಾಡು ಮುಗಿದ ಮೇಲಿನ ಗಳಿಗೆಯನ್ನು ಕೇಳಿದನು. ಅಲ್ಲಿಯೂ ಇತ್ತು. ನಡುವೆ ಅದು ಎಲ್ಲಿಗೂ ಹೋಗಿರಲಿಲ್ಲ. ಅವನಿಗೆ ಕೇಳಿಸಿರಲಿಲ್ಲ, ಅಷ್ಟೇ. ಅವನೂ ಇದನ್ನು ಯಾರಿಗೂ ಹೇಳಲಿಲ್ಲ.

ಗಂಟು ಹೋಯಿತು. ದನಿಯೂ ಹೋಯಿತು, ಪಿಸುಮಾತು ಉಳಿಯಿತು. ಆ ಪಿಸುಮಾತಿನಲ್ಲಿಯೇ ಅವಳು ಈಗಲೂ ಬೀಗರನ್ನು ಬೈಯುತ್ತಾಳೆ. ಬೀಗರು ಪ್ರತಿದಿನ ಬೆಳಿಗ್ಗೆ ಆ ಪದವನ್ನು ಹಾಕಿಕೊಂಡು, ಗುಂಯ್ ಸಮೇತ, ಕಣ್ಣುಮುಚ್ಚಿ ಕೇಳುತ್ತಾರೆ. ನಿದ್ದೆ ಹೋಗುವುದಿಲ್ಲ.

ಕತೆ ಮುಗಿಯಿತು. ಶಿಷ್ಯನು, “ಹಾಗಾದರೆ ಮೈಕು ಬೇಡವೇ ಗುರುಗಳೇ?” ಎಂದನು.

“ನಾಳೆಯೇ ತರಿಸೋಣ. ಹನ್ನೆರಡು ವರ್ಷದಿಂದ ಪಠಿಸುತ್ತಿದ್ದೀಯಲ್ಲ, ಆ ಸ್ತೋತ್ರದ ಮೊದಲ ಸಾಲಿನ ಅರ್ಥವನ್ನು ಇಂದು ಹೇಳು” ಎಂದರು ಗುರುಗಳು.