ಬಿಟ್ಟ ಪಾಠ

ಕೃಷ್ಣೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಗುರುಪಾದಯ್ಯ ಎಂಬ ಮಾಸ್ತರರಿದ್ದರು. ಊರವರ ಬಾಯಲ್ಲಿ ಅವರು ಅಜ್ಜಾರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಸಿಟ್ಟು ಮಾತ್ರ ನಿವೃತ್ತಿ ತಗೊಂಡಿರಲಿಲ್ಲ, ಮೂಗಿನ ತುದಿಯಲ್ಲೇ ಕೂತಿತ್ತು.

ಬೇಸಿಗೆಯ ಸಂಜೆಗಳಲ್ಲಿ ಅವರ ಹತ್ತಿರ ಭಾಗೀರಥಿ ಪಾಠಕ್ಕೆ ಬರುತ್ತಿದ್ದಳು. ಆಚೆ ದಂಡೆಯ ಹುಡುಗಿ. ತೆಪ್ಪ ನಡೆಸುವ ಯಂಕಪ್ಪನ ಮಗಳು. ಅಪ್ಪನೇ ಕರೆತಂದು, ಪಾಠ ಮುಗಿಯುವ ತನಕ ಕೆಳಗಿನ ಮೆಟ್ಟಿಲ ಬಳಿ ತೆಪ್ಪದಲ್ಲೇ ಕೂತಿರುತ್ತಿದ್ದ.

ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆಯಲ್ಲಿ ಹೋದ ವರ್ಷ ಅವಳಿಗೆ ಸೀಟು ತಪ್ಪಿತ್ತು. ಈ ಸಲವೂ ತಪ್ಪಿದರೆ ಓದು ಅಲ್ಲಿಗೆ ಮುಗಿದ ಹಾಗೆ. ಸೋದರಮಾವ ಆಗಲೇ ಒಂದು ಗಂಡು ನೋಡಿಟ್ಟಿದ್ದ.

“ಅಜ್ಜಾರ, ದಿನಾ ಉಳಿದಿಲ್ಲ. ಎಲ್ಲಾ ಪಾಠ ಮತ್ತ ಓದಾಕ ಆಗಂಗಿಲ್ಲ. ಯಾವುದು ಮೊದಲ ಓದ್ಲಿ, ಹೇಳ್ರಿ.”

“ಯಾವುದು ಬರತೈತಿ?”

“ಜೆನೆಟಿಕ್ಸ್ ಬರತೈತ್ರಿ. ಹೃದಯ, ರಕ್ತ, ಗಿಡದ ಪಾಠ, ಎಲ್ಲಾ ಬರತಾವ್ರಿ.”

ಗುರುಗಳು ಅಲ್ಲೊಂದು ಇಲ್ಲೊಂದು ಕೇಳಿ ನೋಡಿದರು. ಕಪ್ಪೆಯ ಹೃದಯಕ್ಕೆ ಕೋಣೆ ಎಷ್ಟು? ಎತ್ತರದ ಬಟಾಣಿ ಗಿಡಕ್ಕೆ ಗಿಡ್ಡ ಸಸಿ ಹೇಗೆ ಹುಟ್ಟುತ್ತದೆ? ಅರಳು ಹುರಿದಂತೆ ಉತ್ತರ ಬಂತು.

“ಕಿಡ್ನಿ?”

ಭಾಗೀರಥಿ ನೀರಿನ ಕಡೆ ಮುಖ ತಿರುಗಿಸಿದಳು.

“ಅದನ್ನ ಬಿಟ್ಟೀನ್ರಿ. ಅದರ ಮ್ಯಾಲೆ ಬಾಳ ಪ್ರಶ್ನೆ ಬರಂಗಿಲ್ಲಂತ ಹೋದ ವರ್ಷದ ಟ್ಯೂಷನ್ ಸರ್ ಹೇಳ್ಯಾರ.”

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಬರದೇ ಇದ್ದದ್ದನ್ನ ಮೊದಲ ಓದು. ನಾಳೆ ಓದಿ ಬಾ.”

ಮರುದಿನ ಬಂದಳು.

“ಓದಿದಿ?”

“ಓದೀನ್ರಿ. ಜೆನೆಟಿಕ್ಸ್ ಇನ್ನೊಮ್ಮೆ ಪೂರ್ತಿ ಮಾಡೀನಿ.”

ಬಂದದ್ದನ್ನೇ ಮತ್ತೆ ಓದುವುದರಲ್ಲಿ ಒಂದು ಸುಖವಿದೆ. ಓದಿದ ಹಾಗೂ ಆಗುತ್ತದೆ, ಹೆದರಿಕೆಯ ಹತ್ತಿರ ಸುಳಿಯುವುದೂ ತಪ್ಪುತ್ತದೆ. ಜಾಣ ಮಕ್ಕಳೇ ಈ ಸುಖಕ್ಕೆ ಬೀಳುತ್ತಾರೆ. ಕಲಿಸುವವರಿಗೆ ಅದು ಕಂಡರೆ ಮೈ ಉರಿಯುತ್ತದೆ.

ಗುರುಗಳ ಮೈಯೂ ಉರಿಯಿತು. ಅವರು ಎದ್ದರು.

ಮಠದ ಮುಂದೆ ದಾರಿಹೋಕರಿಗೆಂದು ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಚಪ್ಪರದ ಕೆಳಗೆ ಕುಡಿಯುವ ನೀರಿನ ಮಣ್ಣಿನ ಹರವಿಗಳು.

“ಕೊಡ ತಗೋ. ಹೊಳಿ ನೀರು ತಂದು ಈ ಹರವಿಗೆ ಹಾಕು.”

ಅವಳು ಮೆಟ್ಟಿಲಿಳಿದು ನೀರು ತಂದಳು. ಹರವಿ ತುಂಬಿತು. ಇನ್ನೊಂದು ಕೊಡ ತಂದು ಪಕ್ಕದ ಹರವಿಗೆ ಬಗ್ಗಿಸಹೋದಳು.

“ಅದಕ್ಕಲ್ಲ. ಇದಕ್ಕ ಹಾಕು.”

“ತುಂಬೈತ್ರಿ ಅಜ್ಜಾರ.”

“ಹಾಕು ಅಂದೆ.”

ಹಾಕಿದಳು. ನೀರು ಹರಿದು ಲಂಗದ ಅಂಚು ನೆನೆಯಿತು.

“ಮತ್ತ ತಾ.”

ಮತ್ತೆ ತಂದಳು, ಮತ್ತೆ ಚೆಲ್ಲಿತು. ಮೆಟ್ಟಿಲು ಕಾದಿದ್ದವು, ಅಂಗಾಲು ಸುಡುತ್ತಿತ್ತು. ಕೊನೆಗೆ ಕೊಡವನ್ನು ದಡಕ್ಕನೆ ಕುಕ್ಕಿದಳು.

“ತುಂಬಿದ್ದಕ್ಕ ಎಷ್ಟ್ ಹಾಕಿದ್ರ ಏನ್ರಿ? ಬಾಜೂಕಿಂದು ಖಾಲಿ ಐತಿ, ನಿಮಗ ಕಾಣಂಗಿಲ್ಲೇನು?”

“ನನಗ ಕಾಣತೈತಿ. ನಿನಗ ಯಾಕ ಕಾಣವಲ್ದು?”

ಅವಳ ದನಿ ಏರಿತು. ದುಃಖದಿಂದಲ್ಲ, ಸಿಟ್ಟಿನಿಂದ.

“ಕಾಣತೈತ್ರಿ! ಪುಸ್ತಕ ತೆಗದ್ರ ಆ ಚಿತ್ರ ಕಾಣತೈತಿ. ನಮ್ಮವ್ವನ ಬಾತ ಕಾಲು ಕಾಣತಾವು. ಆಕಿ ಕಿಡ್ನಿ ಹೋಗೇ ಸತ್ಲು. ಕ್ರಿಯಾಟಿನಿನ್ ಏರೇತಿ ಅಂದ ಆ ಡಾಕ್ಟರ. ತಲಿ ಸುದ್ದಾ ಎತ್ತಲಿಲ್ಲ. ಹಂಗಂದ್ರ ಏನ್ರೀ ಅಂತ ನಮ್ಮಪ್ಪ ಕೈ ಮುಗದು ಕೇಳಿದಾ. ‘ಹೇಳಿದ್ರ ನಿನಗ ತಿಳಿಯಂಗಿಲ್ಲ, ನಡಿ’ ಅಂದಾ. ಆ ಸಿಟ್ಟಿಗೇ ನಾ ಡಾಕ್ಟರ್ ಆಗಾಕ ಹೊಂಟೀನಿ. ಎಲ್ಲಾ ಓದತೀನಿ. ಆದ್ರ ಆ ಪಾಠ ನನ್ನ ಕೈಲೆ ಆಗಂಗಿಲ್ಲ!”

ಗುರುಗಳ ಕೆನ್ನೆಯ ನರ ಬಿಗಿದಿತ್ತು. ಆ ಡಾಕ್ಟರ್ ಎದುರಿಗಿದ್ದಿದ್ದರೆ ಬೆತ್ತ ಹುಡುಕುತ್ತಿದ್ದರೇನೋ.

ಆಮೇಲೆ ಕೇಳಿದರು.

“ನಿಮ್ಮಪ್ಪ ನಿನ್ನ ಏನೂ ಕೇಳಲಿಲ್ಲೇನು?”

“ಕೇಳಿದಾನ್ರಿ. ಸೈನ್ಸ್ ಓದಿದಾಕಿ ನೀನು, ಅವ್ವಗ ಏನಾಗಿತ್ತು ಹೇಳವ್ವಾ ಅಂತ. ಒಂದಲ್ಲ, ಎಷ್ಟೋ ಸಲ ಕೇಳಿದಾನ.”

“ನೀ ಏನಂದಿ?”

ಭಾಗೀರಥಿಯ ದನಿ ತಗ್ಗಿತು.

“ಬಿಡಪ್ಪಾ, ಹೇಳಿದ್ರ ನಿನಗ ತಿಳಿಯಂಗಿಲ್ಲ ಅಂದೆ.”

ಅಂದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕೆಳಗೆ ಯಂಕಪ್ಪ ತೆಪ್ಪದೊಳಗೆ ಜಿನುಗಿದ ನೀರನ್ನು ಡಬ್ಬಿಯಿಂದ ಹೊರಗೆ ಚೆಲ್ಲುತ್ತಿದ್ದ. ಮೇಲಿನ ಮಾತು ಅವನಿಗೆ ಕೇಳಿಸಿರಲಿಲ್ಲ. ಮಗಳು ತನ್ನತ್ತ ನೋಡಿದ್ದು ಕಂಡು, ಅವಸರವಿಲ್ಲ ಎಂಬಂತೆ ಕೈ ಎತ್ತಿದ.

ಗುರುಗಳು ಗುಡುಗಿದರು.

“ಪರೀಕ್ಷಾ ಇನ್ನೂ ಬರದಿಲ್ಲ, ಸೀಟು ಇನ್ನೂ ಸಿಕ್ಕಿಲ್ಲ. ಆ ಡಾಕ್ಟರನ ಮಾತ ಮಾತ್ರ ಆಗಲೇ ಕಲ್ತಿ!”

ಅವಳು ಅಳುತ್ತಿದ್ದಳು. ಈ ಸಲ ಸಿಟ್ಟು ತನ್ನ ಮೇಲೆಯೇ ಇತ್ತು. ಒದ್ದೆ ಲಂಗದಲ್ಲೇ ಕಣ್ಣೊರೆಸಿಕೊಂಡು, ಕೊಡ ಎತ್ತಿ ಹೊಳೆಗಿಳಿದಳು. ನೀರು ತಂದು ಖಾಲಿ ಹರವಿಗೆ ಹಾಕಿದಳು. ಯಾರೂ ಹಾಕು ಎಂದಿರಲಿಲ್ಲ.

“ಯಾವ ಪಾಠ ಮೊದಲ ಅಂತ ಇನ್ನ ಕೇಳಂಗಿಲ್ರಿ,” ಅಂದಳು. “ಆದ್ರ ಓದಿದ್ದು ಖರೇನ ಬಂತೋ ಇಲ್ಲೋ ಅಂತ ಹೆಂಗ ಗೊತ್ತಾಗಬೇಕು?”

ಗುರುಗಳು ಅವಳ ಪುಸ್ತಕ ತೆಗೆದು, ಕಿಡ್ನಿಯ ಚಿತ್ರವಿದ್ದ ಹಾಳೆ ತೆರೆದು, ಅವಳ ಕೈಯಲ್ಲಿಟ್ಟರು.

“ಓದು. ಓದಿ ತೆಪ್ಪಕ್ಕ ಹೋಗು. ನಿಮ್ಮಪ್ಪಗ ತಿಳಿಯೂ ತನಕ ಹೇಳು. ಮುಖಾ ನೋಡಿ ಹೇಳು.”